ಮುಚ್ಚಳಕ್ಕೆ ಮುಚ್ಚಳ

ಟಿಕೋಟಾದ ಹೆಣ್ಣುಮಕ್ಕಳು ಗ್ರಾಮಫೋನ್ ಪ್ಲೇಟನ್ನು ಮೊಸರಿನ ಗಡಿಗೆಯ ಮೇಲೆ ಮುಚ್ಚುತ್ತಾರೆಂಬುದು ನಿಮ್ಮ ಅಜ್ಜನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮಮದಾಪುರದ ನನ್ನ ತವರಿನಲ್ಲಿಯೂ ಅದೇ ರೂಢಿ. ಗ್ರಾಮಫೋನಿನ ಸ್ಪ್ರಿಂಗು ಮುರಿದು ಅದು ಅಟ್ಟ ಸೇರಿದ ಮೇಲೆ ಅದರ ಪ್ಲೇಟುಗಳು ಒಂದೊಂದಾಗಿ ಅಡುಗೆಮನೆಗೆ ಇಳಿದು ಬರುತ್ತಿದ್ದವು. ದುಂಡಗೆ, ಭಾರವಾಗಿ, ತುಕ್ಕು ಹಿಡಿಯದೆ ಇರುವ ಅಂಥ ಮುಚ್ಚಳ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ನಡುವಿನ ತೂತಿಗೆ ಒಂದು ಚಿಂದಿ ತುರುಕಿದರೆ ಇರುವೆಯೂ ಒಳಗೆ ಹೋಗುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ಈಗಿನ ವಿಜಯಪುರ ಆಗ ಬಿಜಾಪುರ. ಸೊಲ್ಲಾಪುರ ರಸ್ತೆಯಲ್ಲಿ ನಿಮ್ಮ ಅಜ್ಜನ ಮೈಕಿನ ಅಂಗಡಿ ಇತ್ತು. ಎರಡು ಹಾರ್ನು, ಒಂದು ಆಂಪ್ಲಿಫೈಯರು, ಒಂದು ಪ್ಲೇಯರು, ಲಾರಿಯ ಬ್ಯಾಟರಿ, ಸುತ್ತಿಟ್ಟ ವೈರಿನ ಕಟ್ಟುಗಳು. ಮುಂದೆ ಅಂಗಡಿ, ನಡುವೆ ಪರದೆ, ಹಿಂದೆ ನಮ್ಮ ಮನೆ. ಗಿರಾಕಿ ಬಂದರೆ ನಾನು ಚಹಾ ಮಾಡಿ ಪರದೆಯ ಹಿಂದೆ ನಿಂತು ಕಪ್ಪು ಬಶಿ ತಾಗಿಸಿ ಸದ್ದು ಮಾಡುತ್ತಿದ್ದೆ. ನಿಮ್ಮ ಅಜ್ಜನೇ ಎದ್ದು ಬಂದು ಒಯ್ಯುತ್ತಿದ್ದರು. ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು ನಾನು. ಓದಲು ಬರೆಯಲು ಬರುತ್ತಿತ್ತು. ಹೊಸಬರ ಮುಂದೆ ಮಾತು ಮಾತ್ರ ಬರುತ್ತಿರಲಿಲ್ಲ.

ಆ ರಸ್ತೆಯಲ್ಲಿ ಇನ್ನೂ ಮೈಕಿನ ಅಂಗಡಿಗಳಿದ್ದವು. ಹೊಸ ಸಿನಿಮಾದ ಹಾಡು ಎಲ್ಲರಲ್ಲೂ ಇತ್ತು. ಮದುವೆಗಳಲ್ಲಿ ಹುಡುಗರು ಅದನ್ನೇ ಕೇಳುವರು. ಆದರೆ ಹಂದರದ ಮೂಲೆಯಲ್ಲಿ ಕುಳಿತ ಹಿರಿಯರು ನಿಮ್ಮ ಅಜ್ಜನನ್ನು ಕರೆದು, "ತಮ್ಮಾ, ನಾಟಕದ್ದು ಒಂದು ಹಚ್ಚಪಾ. ಇಲ್ಲಂದ್ರ ನಮ್ಮ ಕಾಲದ ಸಿನಿಮಾದ್ದರ ಹಚ್ಚು" ಎನ್ನುತ್ತಿದ್ದರು. ಅಂಥ ದಪ್ಪ ಕರಿ ಪ್ಲೇಟುಗಳನ್ನು ಕಂಪನಿಯವರು ಮಾಡುವುದನ್ನೇ ನಿಲ್ಲಿಸಿದ್ದರು. ಹಿರಿಯರು ಕೇಳಿದ್ದು ತಮ್ಮಲ್ಲಿಲ್ಲ ಎಂದು ಹೇಳಬೇಕಾದಾಗ ನಿಮ್ಮ ಅಜ್ಜನಿಗೆ ಬಹಳ ಕೆಟ್ಟದೆನಿಸುತ್ತಿತ್ತು. ಕಡೆಗೆ ಹಳ್ಳಿಗಳ ಮೇಲೆ ಹೋಗಿ ಹಳೆಯ ಪ್ಲೇಟು ಕೂಡಿಸುವುದೆಂದು ನಿಶ್ಚಯಿಸಿದರು. ಸೈಕಲ್ ಮೇಲೆ ಅರಕೇರಿಗೆ ಹೋಗಿ ಬಂದರು, ಟಿಕೋಟಾಕ್ಕೆ ಹೋಗಿ ಬಂದರು. ಬರಿಗೈ.

"ಎಲ್ಲಾರದೂ ಒಂದ ಮಾತು," ಎಂದರು ಟವೆಲ್ಲಿನಿಂದ ಕುತ್ತಿಗೆ ಒರೆಸುತ್ತ. "'ಅವೆಲ್ಲಾ ಯಾವಾಗೋ ಒಡದ ಹೋದುವಪಾ' ಅಂತಾರ."

"ಯಾರನ್ನ ಕೇಳಿದ್ರಿ?"

"ಮನೀ ಯಜಮಾನರನ್ನ. ಮತ್ಯಾರನ್ನ ಕೇಳಬೇಕು?"

"ಯಜಮಾನರಿಗೆ ಮೊಸರಿನ ಗಡಿಗಿ ಎಲ್ಲಿರತೈತಿ ಗೊತ್ತೇನ್ರಿ?"

ಅವರು ನನ್ನ ಮುಖ ನೋಡಿದರು. ನಾನು ವಿಷಯ ಹೇಳಿದೆ. ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, "ಹಂಗಾರ ಅವರು ಕೊಡ್ತಾರಂತೀಯೇನು?" ಎಂದರು.

"ಮುಚ್ಚಳ ಕಸಗೊಂಡ್ರ ಯಾರ ಕೊಡ್ತಾರ್ರಿ? ಮುಚ್ಚಳಕ್ಕ ಮುಚ್ಚಳ ಕೊಡಬೇಕು."

ಮರುದಿನ ಪೇಟೆಯಿಂದ ಜರ್ಮನ್ ಮುಚ್ಚಳಗಳ ಸರವನ್ನೇ ತಂದರು. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಎನ್ನುವುದು ನಿಮಗೆ ಗೊತ್ತಲ್ಲ. ಸರವನ್ನು ನನ್ನ ಮುಂದೆ ಇಟ್ಟು, "ನಡಿ ಮತ್ತ," ಎಂದರು.

"ನಾ ಯಾಕ್ರಿ? ನನಗ ನಾಚಿಕಿ ಬರತೈತಿ."

"ನಾಚಿಕೋತನ ಬಾ. ಗಂಡಸರನ್ನ ಅಡಗಿಮನಿಗೆ ಯಾರ ಬಿಡ್ತಾರ?"

ಹೀಗೆ ನಾನು ಟಿಕೋಟಾದ ಬಸ್ಸು ಹತ್ತಿದೆ. ಮೊದಲನೆಯ ಮನೆಯ ಅಂಗಳದಲ್ಲಿ ನಿಂತಾಗ ಬಾಯಿಂದ ಸ್ವರವೇ ಹೊರಡಲಿಲ್ಲ. ಸರವನ್ನು ಕೈಯಿಂದ ಕೈಗೆ ಬದಲಿಸುವಾಗ ಮುಚ್ಚಳಗಳು ತಾವೇ ಒಂದಕ್ಕೊಂದು ಬಡಿದು ಸದ್ದು ಮಾಡಿದವು. ಹಳೆಯ ಸೀರೆಗೆ ಪಾತ್ರೆ ಕೊಡುವವಳೆಂದು ತಿಳಿದು ಒಳಗಿನಿಂದ ಹೆಂಗಸರು ಬಂದರು.

"ಭಾಂಡೇದಾಕಿ ಬಂದಾಳ ಬರ್ರೇ! ಹಳೇ ಸೀರಿ ತೊಗೋತೀಯೇನವಾ?"

"ಸೀರಿ ಬ್ಯಾಡ್ರಿ. ಕರೀ ಮುಚ್ಚಳ ಇದ್ರ ಕೊಡ್ರಿ. ಹಾಡಿಂದು."

"ಹೊಸಾದು ಕೊಟ್ಟು ಹಳೇದು ಒಯ್ಯತೀ? ಹುಚ್ಚಿ ಅದೀಯೇನ ಬೇ ನೀ?"

"ನಾ ಅಲ್ರಿ. ಗಂಡ ಹುಚ್ಚ ಅದಾನ," ಎಂದುಬಿಟ್ಟೆ. ಅದು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವರು ಸೆರಗು ಬಾಯಿಗೆ ಒತ್ತಿ ನಕ್ಕರು. ಒಬ್ಬಾಕೆ ನನ್ನ ಕೈ ಹಿಡಿದು ಸೀದಾ ಅಡುಗೆಮನೆಗೇ ಕರೆದೊಯ್ದಳು. ಮೊಸರಿನ ಗಡಿಗೆಯ ಮೇಲೆ ಒಂದು, ಹಿಟ್ಟಿನ ಡಬ್ಬಿಯ ಮೇಲೆ ಒಂದು, ಕೋಳಿ ಕವುಚಿದ ಬುಟ್ಟಿಯ ಮೇಲೆ ಒಂದು. ಸುದ್ದಿ ನನಗಿಂತ ಮುಂಚೆ ಓಣಿಯಲ್ಲಿ ಓಡಿತು. ಮುಂದಿನ ಮನೆಗಳಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಹುಚ್ಚನ ಹೇಣತಿ ಬಂದಳು, ಮುಚ್ಚಳ ತೆಗೀರಿ" ಎನ್ನುತ್ತಿದ್ದರು. ಬೇವಿನ ಗಿಡದ ಕೆಳಗೆ ಕಾಯುತ್ತಿದ್ದ ನಿಮ್ಮ ಅಜ್ಜನಿಗೂ ಅದು ಕೇಳಿಸಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ, "ಹುಚ್ಚ ಆದ್ರೂ ನಿನಗ ಟಿಕೀಟು ನಾನ ತಗಸಬೇಕು," ಎಂದರು.

ಪ್ಲೇಟು ಸಿಗುವುದಷ್ಟೇ ಕೆಲಸ ಎಂದುಕೊಂಡಿದ್ದೆವು. ಮನೆಗೆ ಬಂದು ಬುಟ್ಟಿ ಬಿಚ್ಚಿದಾಗ ಕೆಳಗಿನವು ಒಡೆದಿದ್ದವು. ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಇಟ್ಟು ತಂದಿದ್ದೆವು. ಬಸ್ಸಿನ ಕುಲುಕಾಟಕ್ಕೆ ಮೇಲಿನ ಭಾರವೆಲ್ಲ ಕೆಳಗಿನವುಗಳ ಮೇಲೆ ಬಿದ್ದಿತ್ತು. ಅಂದಿನಿಂದ ನಡುನಡುವೆ ಕೌದಿಯ ತುಂಡು ಹಾಕಿ, ನಿಲ್ಲಿಸಿಯೇ ತರತೊಡಗಿದೆವು.

ಆಮೇಲೆ ತೊಳೆಯುವ ಕೆಲಸ. ವರ್ಷಗಟ್ಟಲೆಯ ಎಣ್ಣೆಜಿಡ್ಡು, ಒಲೆಯ ಮಸಿ, ಒಣಗಿದ ಮೊಸರು. ಭಾಂಡೆ ತೊಳೆದು ರೂಢಿಯಿದ್ದ ನಾನು ಸೋಡಾ ಹಾಕಿದ ಬಿಸಿನೀರಿನಲ್ಲಿ ಒಂದನ್ನು ಅದ್ದಿದೆ. ಮೇಲೆತ್ತಿದಾಗ ಕರಿದ ಹಪ್ಪಳದ ಹಾಗೆ ಅಂಚು ಮುದುಡಿತ್ತು. ಇದನ್ನು ಕಂಡು ನಿಮ್ಮ ಅಜ್ಜ, "ನೀರು ಆಗಂಗಿಲ್ಲ, ಇದಕ್ಕ ಸ್ಪಿರಿಟ್ಟ ಬೇಕು," ಎಂದು ಮಶೀನು ಒರೆಸುವ ಸ್ಪಿರಿಟ್ಟಿನಿಂದ ಇನ್ನೊಂದನ್ನು ತಿಕ್ಕಿದರು. ಬಟ್ಟೆ ಕರ್ರಗಾಯಿತು, ಪ್ಲೇಟು ಕನ್ನಡಿಯ ಹಾಗೆ ಹೊಳೆಯಿತು. ಪ್ಲೇಯರಿನ ಮೇಲೆ ಇಟ್ಟರೆ ಮುಳ್ಳು ಜಾರಿಕೊಂಡು ಹೋಯಿತೇ ಹೊರತು ಒಂದು ಸ್ವರವೂ ಬರಲಿಲ್ಲ. ಗೆರೆಗಳೇ ಅಳಿಸಿಹೋಗಿದ್ದವು.

"ನೀ ಒಂದು ಕೊಂದಿ, ನಾ ಒಂದು ಕೊಂದೆ. ಜಗಳಾ ಮಾಡೂ ಹಂಗಿಲ್ಲ," ಎಂದರು ಅವರು.

ನಮ್ಮ ಮಗ್ಗುಲ ಮನೆಯಲ್ಲಿ ಅರಗಿನ ಬಳೆ ಮಾಡುವ ಒಬ್ಬ ಮುಸ್ಲಿಂ ಹೆಂಗಸು ಇದ್ದರು. ಓಣಿಯವರೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದೆವು. ಸೊಟ್ಟಾದ ಪ್ಲೇಟನ್ನು ಅವರಿಗೆ ತೋರಿಸಿದೆ. ಒಡೆದ ಒಂದು ಚೂರನ್ನು ಇದ್ದಲಿ ಶಿಗಡಿಯ ಹತ್ತಿರ ಹಿಡಿದು ಮೂಸಿ ನೋಡಿದರು.

"ಹಾಯ್ ಅಲ್ಲಾ! ಬೇಟಿ, ಇದು ನಮ್ಮ ಅರಗ ಐತಿ. ಇದರಾಗ ಏನೇನೋ ಪುಡಿ ಕೂಡ್ಯಾವ, ಖರೇ ವಾಸನಿ ಅರಗಿಂದ."

"ಸೊಟ್ಟಾದದ್ದು ನೆಟ್ಟಗ ಆಗತೈತೇನ್ರಿ ಖಾಲಾ?"

"ಬಳಿ ಆಗತಾವಲ್ಲ, ಇದ್ಯಾಕ ಆಗಂಗಿಲ್ಲ? ಜೋರ್ ಮಾಡಬ್ಯಾಡ. ಅದು ತಾನ ಮೆತ್ತಗ ಆಗೂತನಕ ಕುಂದ್ರು. ನೀ ಒತ್ತಿದಿ ಅಂದ್ರ ಮುರೀತು."

ಆ ಮಾತಿನ ಮೇಲೆ ನಾವು ಕೆಲಸ ಕಲಿತೆವು. ಅಂಟುವಾಳಕಾಯಿಯನ್ನು ತಣ್ಣೀರಿನಲ್ಲಿ ನೆನೆಹಾಕಿ ಆ ನೊರೆಯಲ್ಲಿ ಹಳೆಯ ಧೋತರದ ಚೂರು ಅದ್ದಿ ಗೆರೆ ಹೋದತ್ತಲೇ ಕೈ ಒಯ್ಯಬೇಕು, ಅಡ್ಡ ತಿಕ್ಕಬಾರದು. ನಡುವಿನ ಕಾಗದ ನೆನೆಯದ ಹಾಗೆ ಅದರ ಮೇಲೆ ಒಂದು ಬಟ್ಟಲು ಕವುಚಿ ಒತ್ತಿ ಹಿಡಿಯಬೇಕು. ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಸೊಟ್ಟಾದವುಗಳಿಗೆ ಬೇರೆ ಉಪಾಯ. ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿಂದ ಎರಡು ಗಾಜು ತಂದು, ಪ್ಲೇಟನ್ನು ಅವುಗಳ ನಡುವೆ ಇಟ್ಟು, ಮಾಳಿಗೆಯ ಮೇಲೆ ಎಳೆಬಿಸಿಲಿನಲ್ಲಿ ಇಡುತ್ತಿದ್ದೆ. ಬಿಸಿಲು ಏರಿದಂತೆ ಪ್ಲೇಟು ಮೆಲ್ಲಗೆ ತಗ್ಗಿ ಗಾಜಿಗೆ ಮೈಕೊಡುತ್ತಿತ್ತು. ಹಂಚಿನ ಮೇಲಿನ ರೊಟ್ಟಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತೇವಲ್ಲ, ಹಾಗೆ ಮುಟ್ಟಿ ನೋಡಿ, ಹದ ಬಂದೊಡನೆ ನೆರಳಿಗೆ ಸರಿಸಿ ಮೇಲೆ ಕಲ್ಲು ಹೇರುತ್ತಿದ್ದೆ. ನಡುಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಕೆಟ್ಟಿತು. ಹಾಗೂ ಕೆಲವು ಕೆಟ್ಟವು.

ಉಳಿದವು ಹಾಡಿದವು. ಕೆರೆತದ ಸದ್ದಿನ ಹಿಂದಿನಿಂದ ಯಾವ ಕಾಲದ್ದೋ ಕೊರಳು ಬಂದಾಗ ನಿಮ್ಮ ಅಜ್ಜ ಪರದೆ ಸರಿಸಿ ನನ್ನನ್ನು ಕರೆಯುತ್ತಿದ್ದರು. ಗಿರಾಕಿ ಇಲ್ಲದ ಹೊತ್ತು ನೋಡಿ ನಾನು ಹೊರಗೆ ಬಂದು ಕೇಳುತ್ತಿದ್ದೆ.

ಬಬಲೇಶ್ವರಕ್ಕೆ ಹೋದದ್ದು ಆಮೇಲೆ. ಅಲ್ಲಿ ಒಂದು ದೊಡ್ಡ ಒಕ್ಕಲುಮನೆ. ಬೇಸಿಗೆಯಲ್ಲಿ ಮದುವೆ ಇತ್ತು, ಮೈಕಿಗೆ ನಮಗೇ ಹೇಳಿದ್ದರು. ಮದುಮಗಳ ಅಜ್ಜಿ ಪಡಸಾಲೆಯಲ್ಲಿ ಗೋದಿ ಹಸನು ಮಾಡುತ್ತಿದ್ದರು. ನೆಟ್ಟಗೆ ಕೂಡುವ, ಕಡಿಮೆ ಮಾತಿನ ಹೆಂಗಸು. ಸೊಸೆ ಒಳಗಿನಿಂದ ಎರಡು ಪ್ಲೇಟು ತಂದು ನನ್ನ ಕೈಗೆ ಕೊಟ್ಟಳು. ಆ ಅಜ್ಜಿ ಕೈ ಚಾಚಿ ಒಂದನ್ನು ಇಸಿದುಕೊಂಡರು. ಎರಡೂ ಅಂಗೈಗಳಿಂದ ಅಂಚನ್ನಷ್ಟೇ ಹಿಡಿದು, ಬಾಗಿಲ ಬೆಳಕಿಗೆ ಓರೆಮಾಡಿ ನೋಡಿದರು. ಮುಚ್ಚಳವನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಅದು ಪ್ಲೇಟು ಬಲ್ಲವರ ಕೈ.

"ಮಜ್ಜಿಗಿ ತಾರವಾ ಇಕೀಗೆ," ಎಂದು ಸೊಸೆಯನ್ನು ಒಳಗೆ ಕಳಿಸಿ, ದನಿ ತಗ್ಗಿಸಿ ಕೇಳಿದರು: "ನಾಟಕ ಕಂಪನೀದು ಏನರ ಸಿಕ್ಕಾವೇನ ತಂಗಿ?"

"ಒಂದೆರಡು ಸಿಕ್ಕಾವ್ರಿ ಆಯಿ."

ಅವರು ಒಂದು ಹೆಸರು ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಹಾಡಿನ ಮೊದಲ ಸಾಲನ್ನು ಹಾಡದೆ, ಬರೀ ಮಾತಿನಲ್ಲಿ ಹೇಳಿದರು: "'ಎಣ್ಣೆ ತೀರುವ ಮುನ್ನ ಬಾಗಿಲ ತೆರೆಯೋ.' ಲೇಬಲ್ಲಿನ ಮ್ಯಾಲ ಹಿಂಗ ಬರದಿರತೈತಿ. ಆ ಹೆಸರು ನಂದು."

ಉಳಿದದ್ದನ್ನೂ ಅವರೇ ಹೇಳಿದರು. ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದರಂತೆ. ಕಂಪನಿಯ ಮಾಲೀಕರು ಒಮ್ಮೆ ದೂರದ ಊರಿಗೆ ಕರೆದೊಯ್ದು ಒಂದು ಕೋಣೆಯಲ್ಲಿ ನಿಲ್ಲಿಸಿ ಹಾಡಿಸಿದರಂತೆ. ಪ್ಲೇಟು ಬರುವ ಹೊತ್ತಿಗೆ ಈ ಮನೆಯ ಯಜಮಾನರು ಅವರನ್ನು ಮದುವೆಯಾಗಿ ಕರೆತಂದಿದ್ದರು. ಅತ್ತೆ ಒಂದೇ ಮಾತು ತೆಗೆದುಕೊಂಡರು: ಕಂಪನಿಯ ಸುದ್ದಿ ಈ ಹೊಸ್ತಿಲ ಒಳಗೆ ಬರಬಾರದು. ಅತ್ತೆ ಹೋದರು, ಯಜಮಾನರೂ ಹೋದರು. ಮಾತು ಉಳಿದಿತ್ತು.

"ಮಗಗ ಗೊತ್ತೇನ್ರಿ?"

"ಇಲ್ಲ. ಬೀಗರಿಗಂತೂ ಗೊತ್ತ ಆಗಬಾರದು. ನಾಟಕದಾಕೀ ಮೊಮ್ಮಗಳು ಅಂತ ಹುಡಿಗಿಗೆ ಆಡಿಕೊಂಡ್ರ ಏನ ಮಾಡ್ಲಿ?"

"ಮತ್ತ ಪ್ಲೇಟು ಯಾಕ್ರಿ ಆಯಿ?"

ಅವರು ಮೊರದೊಳಗಿನ ಗೋದಿಯನ್ನು ಬೆರಳಿನಿಂದ ಎಳೆದರು. "ನಾ ಹಾಡಿದ್ದು ಖರೇನೋ ಸುಳ್ಳೋ ಅಂತ ನನಗ ಸಂಶೇ ಬರಾಕತ್ತೈತಿ ತಂಗಿ. ಯಾರ ಮುಂದೂ ಅನ್ನಲಾರದ್ದು ಇಷ್ಟ ವರ್ಷ ಒಳಗ ಇಟಗೊಂಡ್ರ, ಅದು ಆಗೇ ಇಲ್ಲೇನೋ ಅನಸತೈತಿ. ಆ ಪ್ಲೇಟು ನಾ ಒಮ್ಮೆನೂ ಕೇಳಿಲ್ಲ. ಒಂದ ಸಲ ಕೇಳಿದ್ರ ಸಾಕು."

ಮಜ್ಜಿಗೆ ಬಂತು. ಅವರು ಮತ್ತೆ ಗೋದಿ ಹಸನು ಮಾಡತೊಡಗಿದರು.

ಅಂದಿನಿಂದ ನಾನು ಮೊದಲಿನ ನಾಚಿಕೆಯನ್ನು ಅಷ್ಟು ಲೆಕ್ಕಿಸಲಿಲ್ಲ. ಸಿಕ್ಕ ಪ್ರತಿ ಪ್ಲೇಟಿನ ನಡುವಿನ ಕಾಗದವನ್ನು ಹೆಬ್ಬೆರಳಿನಿಂದ ಒರೆಸಿ ಓದುತ್ತಿದ್ದೆ. ಬಬಲೇಶ್ವರದ ಉಳಿದ ಓಣಿ, ನನ್ನ ತವರು, ಅರಕೇರಿ ಎಲ್ಲ ಆಯಿತು. ಬೇರೆ ಬೇರೆ ಹಾಡು ಸಿಕ್ಕವು, ಅದು ಸಿಗಲಿಲ್ಲ. ಮದುವೆ ಹತ್ತಿರ ಬಂತು. ಟಿಕೋಟಾದಲ್ಲಿ ಮೊದಲು ನಾವು ಬಿಟ್ಟಿದ್ದ ಹೊರವಲಯದ ಮನೆಗಳು ನೆನಪಾದವು. ಎಮ್ಮೆ ಕಟ್ಟಿದ ಒಂದು ಮನೆಯಲ್ಲಿ, ಹಾಲು ಕಾಸುವ ಒಲೆಯ ಪಕ್ಕದ ಗಡಿಗೆಯ ಮೇಲೆ ಅದು ಇತ್ತು. ಮಸಿಯ ಕೆಳಗಿನಿಂದ ಒಂದೊಂದೇ ಅಕ್ಷರ ಮೂಡಿ ಅದೇ ಹೆಸರಾಯಿತು.

ಮನೆಯ ಮುದುಕಿ ಕೊಡಲೊಲ್ಲಳು. "ನಿನ್ನ ಜರ್ಮನ್ ಮುಚ್ಚಳಾ ನಮ್ಮ ಬೆಕ್ಕು ಮೂಗಿಲೆ ಎತ್ತಿ ಒಗೀತೈತಿ. ಈ ಹಾಡಿಂದು ಭಾರ ಐತಿ. ಇದಕ್ಕ ಮಾತ್ರ ಅಂಜತೈತಿ ನೋಡು ಆ ಹಲ್ಕಾ."

"ಎರಡು ಕೊಡ್ತೀನ್ರಿ."

"ಹಗರಂದು ಎರಡ ಇಟ್ರ ಎರಡ ಸಲ ಒಗೀತೈತಿ."

"ಬೆಕ್ಕು ಎತ್ತಲಾರದ ಮುಚ್ಚಳಾ ತಂದ್ರ?"

"ತಾ ನೋಡೂಣು."

ನಿಮ್ಮ ಅಜ್ಜ ನೆಲಕ್ಕೆ ಫರಸಿಕಲ್ಲು ಕೂಡಿಸುವ ಗೌಂಡಿಯನ್ನು ಹಿಡಿದು, ತೆಳುವಾದ ಒಂದು ಶಹಾಬಾದಿ ಕಲ್ಲನ್ನು ಗಡಿಗೆಯ ಅಳತೆಗೆ ದುಂಡಗೆ ಕಡಿಸಿದರು. ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಟಿಕೋಟಾದವರೆಗೆ ತುಳಿದರು. ಮುದುಕಿ ಎರಡೂ ಕೈಯಿಂದ ಎತ್ತಿ ನೋಡಿ, "ಯಪ್ಪಾ, ಬೆಕ್ಕಷ್ಟ ಅಲ್ಲ, ನಮ್ಮ ಸೊಸೀನೂ ಇನ್ನ ಕದ್ದು ಕೆನಿ ತಿನ್ನೂ ಹಂಗಿಲ್ಲ," ಎಂದಳು. ಸೊಸೆ ಒಳಗಿನಿಂದ, "ಕೇಳಸತೈತಿ ಅತ್ತೀ," ಎಂದಳು. ಪ್ಲೇಟು ನಮ್ಮದಾಯಿತು.

ಅದರ ಸ್ಥಿತಿ ಚೆನ್ನಾಗಿರಲಿಲ್ಲ. ಬಿಸಿ ಹಾಲಿನ ಹಬೆಗೆ ಬಶಿಯ ಹಾಗೆ ನಡು ತಗ್ಗಿತ್ತು. ಅಂಚಿನಿಂದ ಒಳಗೆ ಎರಡು ಬೆರಳಿನಷ್ಟು ಸೀಳು ಬಿಟ್ಟಿತ್ತು. ಹಾಗೆಯೇ ಹಚ್ಚಿದರೆ ಮುಳ್ಳು ಹಾರುತ್ತಿತ್ತು. ನೆಟ್ಟಗೆ ಮಾಡಲು ಹೋದರೆ ಸೀಳು ನಡುವಿನವರೆಗೂ ಓಡಬಹುದಿತ್ತು. ನಿಮ್ಮ ಅಜ್ಜ ಬೇಡವೆಂದರು. ಖಾಲಾ ಬಂದು ಸೀಳಿನ ಮೇಲೆ ಉಗುರು ಆಡಿಸಿ ನೋಡಿ, "ಕಲ್ಲು ಹೇರಬ್ಯಾಡ, ಗಾಜಿನ ಭಾರ ಸಾಕು. ದಿನಾ ಚೂರ ಚೂರ," ಎಂದರು. ಹಾಗೇ ಮಾಡಿದೆ. ಬೆಳಗಿನ ಬಿಸಿಲು ಮಾಳಿಗೆಗೆ ಬಂದೊಡನೆ ಇಡುವುದು, ಕೈಗೆ ಗಾಜು ಸುಡುವ ಮೊದಲೇ ತೆಗೆಯುವುದು. ಒಲೆಯ ಮೇಲೆ ಸಾರು ಬಿಟ್ಟು ಹೋಗಿ ಅದರ ಪಕ್ಕ ಕೂಡುತ್ತಿದ್ದೆ. ದಿನದಿನಕ್ಕೆ ಅದು ಗಾಜಿನತ್ತ ತಗ್ಗುತ್ತ ಬಂತು. ಕಡೆಗೆ ಒಂದು ಬೆಳಿಗ್ಗೆ ಪೂರ್ತಿ ನೆಟ್ಟಗಾಗಿ ಕೂತಿತು. ಸೀಳು ಒಂದು ಕೂದಲಿನಷ್ಟು ಬೆಳೆದಿತ್ತು, ಅಷ್ಟೇ.

ನಿಮ್ಮ ಅಜ್ಜ ಅದನ್ನು ಕೆಳಗೆ ಒಯ್ದು ಪ್ಲೇಯರಿನ ಮೇಲೆ ಇಟ್ಟು, ವೇಗದ ಕಡ್ಡಿಯನ್ನು ಎಪ್ಪತ್ತೆಂಟಕ್ಕೆ ಸರಿಸಿ, ಮುಳ್ಳು ಎತ್ತಿದರು. ನಾನು ಅವರ ಮಣಿಕಟ್ಟು ಹಿಡಿದೆ. ಹಾಗೆ ನಾನು ಅವರನ್ನು ಎಂದೂ ತಡೆದಿರಲಿಲ್ಲ.

"ಬ್ಯಾಡ್ರಿ."

"ಅಲ್ಲ, ಹಾಡತೈತೋ ಇಲ್ಲೋ ನೋಡಬೇಕಲ್ಲ? ಮದವ್ಯಾಗ ಹಚ್ಚಿ ಮರ್ಯಾದಿ ಕಳಕೊಳ್ಳಲೇನು?"

"ಒಂದ ಸಲ ಹಾಡೂ ಜೀವ ಅಷ್ಟ ಇದ್ರ? ಅದು ಅವರದ್ರಿ. ಅವರಕಿಂತ ಮೊದಲ ನಾವು ಕೇಳಬಾರದು."

ಅವರು ಬಹಳ ಹೊತ್ತು ಮುಳ್ಳು ಹಿಡಿದೇ ನಿಂತಿದ್ದರು. ಅಷ್ಟು ದಿನ ಹುಡುಕಿದ್ದು, ಕಲ್ಲು ಹೊತ್ತು ಸೈಕಲ್ ತುಳಿದದ್ದು ಅವರು. ಕೇಳುವ ಆಸೆ ಅವರಿಗೆ ನನಗಿಂತ ಹೆಚ್ಚು. ಕಡೆಗೆ ಮುಳ್ಳನ್ನು ಅದರ ಜಾಗದಲ್ಲಿ ಇಟ್ಟು, ಪ್ಲೇಟನ್ನು ತಾವೇ ಕೌದಿಯಲ್ಲಿ ಸುತ್ತಿದರು.

ಬಬಲೇಶ್ವರಕ್ಕೆ ಹೋಗಿ ಅಜ್ಜಿಗೆ ಗುಟ್ಟಾಗಿ ಹೇಳಿದೆ. ಅವರು ಒಬ್ಬರೇ ಇರುವ ಹೊತ್ತು ಆ ಮನೆಯಲ್ಲಿ ಇರಲಿಲ್ಲ. ಮದುವೆಯ ಗದ್ದಲದಲ್ಲಿ, ಬೇರೆ ಹಾಡುಗಳ ನಡುವೆ ಅದನ್ನೂ ಹಚ್ಚುವುದೆಂದು ಅವರೇ ಹೇಳಿದರು. ಹತ್ತು ಹಾಡಿನಲ್ಲಿ ಒಂದು. ಯಾರು ಹಾಡಿದ್ದೆಂದು ಯಾರು ಕೇಳುತ್ತಾರೆ? ಹಚ್ಚುವ ಮೊದಲು ನಾನು ಅಡುಗೆಮನೆಗೆ ಬಂದು, "ಆಯಿ, ಒಂದು ಮುಚ್ಚಳ ಕೊಡ್ರಿ," ಎನ್ನಬೇಕು. ಅವರಿಗೆ ತಿಳಿಯುತ್ತದೆ.

ಮದುವೆಯ ದಿನ ಬಿಸಿಲು ಹೊತ್ತಿ ಉರಿಯುತ್ತಿತ್ತು. ಹಾರ್ನುಗಳನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು. ಬೀಗರು ಬಂದು ನಾಷ್ಟಾ ಮುಗಿಸಿ ಹಂದರದಲ್ಲಿ ಕುಳಿತಿದ್ದರು. ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಗಂಡಿನ ಕಡೆಯ ಹುಡುಗರು ನಿಮ್ಮ ಅಜ್ಜನ ಸುತ್ತ ನಿಂತು, "ಏನ್ರಿ ಮೈಕಿನವರ, ಹೊಸಾ ಪಿಚ್ಚರಿಂದು ಇಲ್ಲೇನು? ಬರೇ ಮುದುಕರ ಹಾಡ ಹಚ್ಚಾಕತ್ತೀರಿ," ಎಂದು ಕಾಡುತ್ತಿದ್ದರು. ಗಂಡಿನ ಅಜ್ಜ ಮಾತ್ರ ರುಮಾಲು ಮುಖದ ಮೇಲೆ ಎಳೆದುಕೊಂಡು ಹೊರಸಿನ ಮೇಲೆ ಮಲಗಿದ್ದರು.

ನಾನು ಅಡುಗೆಮನೆಗೆ ಹೋದೆ. ಬೀಗರಿಗೆಂದೇ ಬೇರೆ ಮಾಡುವ ಗೋದಿ ಹುಗ್ಗಿಯನ್ನು ಆ ಅಜ್ಜಿ ಯಾರ ಕೈಗೂ ಕೊಡುತ್ತಿರಲಿಲ್ಲವಂತೆ. ದೊಡ್ಡ ಪಾತ್ರೆಯ ಮುಂದೆ ನಿಂತು ತಾವೇ ಕಟ್ಟಿಗೆಯ ಹುಟ್ಟು ತಿರುಗಿಸುತ್ತಿದ್ದರು.

"ಆಯಿ, ಒಂದು ಮುಚ್ಚಳ ಕೊಡ್ರಿ."

ಹುಟ್ಟು ಒಂದು ಗಳಿಗೆ ನಿಂತು ಮತ್ತೆ ತಿರುಗಿತು. "ಅಲ್ಲೇ ಇರತಾವ ತೊಗೋ," ಎಂದರು, ನನ್ನ ಕಡೆ ನೋಡದೆ.

ನಾನು ಕಿಟಕಿಯಿಂದ ನಿಮ್ಮ ಅಜ್ಜನಿಗೆ ಕೈ ಮಾಡಿದೆ. ಗಿಡದ ಮೇಲಿನಿಂದ ಮೊದಲು ಕೆರೆತ, ಆಮೇಲೆ ಹಾರ್ಮೋನಿಯಂ, ಆಮೇಲೆ ಕೊರಳು. ನಾನು ಏನು ನಿರೀಕ್ಷಿಸಿದ್ದೆನೋ ಗೊತ್ತಿಲ್ಲ. ಅಂಥ ಎತ್ತರದ, ಒಂದಿಷ್ಟೂ ಅಂಜಿಕೆಯಿಲ್ಲದ ಕೊರಳನ್ನು ನಿರೀಕ್ಷಿಸಿರಲಿಲ್ಲ. ಅಂಗಳ ದಾಟಿ, ಓಣಿ ದಾಟಿ ಅದು ಹೊಲದತ್ತ ಹೋಯಿತು. ಅಜ್ಜಿಯ ಮುಖದಲ್ಲಿ ಏನೂ ಕಾಣಲಿಲ್ಲ. ಹಬೆಯ ಹಿಂದೆ ತುಟಿ ಮಾತ್ರ ಹಾಡಿಗಿಂತ ಒಂದು ಮಾತು ಮುಂದೆ ಅಲುಗುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಸೊಸೆಯರು ಹಾಡಿನತ್ತ ಕಿವಿಗೊಡದೆ ತಮ್ಮ ಮಾತಿನಲ್ಲಿದ್ದರು. ನಾವು ಅಂದುಕೊಂಡ ಹಾಗೇ ಎಲ್ಲ ನಡೆದಿತ್ತು.

ಎರಡನೆಯ ಸಲ ಪಲ್ಲವಿ ಬಂದಾಗ ಮುಳ್ಳು ಸಿಕ್ಕಿಕೊಂಡಿತು. ಬಿಸಿಲಿಗೆ ಸೀಳು ಬಾಯಿಬಿಟ್ಟಿತ್ತೇನೋ.

"ತೀರುವ ಮುನ್ನ... ತೀರುವ ಮುನ್ನ... ತೀರುವ ಮುನ್ನ..."

ಹಂದರದಲ್ಲಿ ಹುಡುಗರು ಹೋ ಎಂದು ನಕ್ಕರು. "ತೀರಿತ್ರಿ ಮೈಕಿನವರ, ತೀರಿತು!" ನಿಮ್ಮ ಅಜ್ಜ ಗಾಬರಿಯಿಂದ ಮುಳ್ಳು ಎತ್ತಿದರು. ಗಿಡ ಮೂಕವಾಯಿತು.

ಆಗ ನನ್ನ ಪಕ್ಕದಿಂದ ಆ ಸಾಲಿನ ಉಳಿದ ಭಾಗ ಬಂತು. "ಬಾಗಿಲ ತೆರೆಯೋ..." ಅದೇ ಎತ್ತರ. ಕೊರಳು ಹಳತಾಗಿತ್ತು, ಅಂಚಿನಲ್ಲಿ ಒಡಕಿತ್ತು, ಆದರೆ ಜಾಗ ತಪ್ಪಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯವನು ಕೈಬಿಟ್ಟರೂ, ಪರದೆ ಹರಿದರೂ ಹಾಡು ನಿಲ್ಲಿಸಬಾರದೆಂದು ಕಂಪನಿಯಲ್ಲಿ ಕಲಿಸಿದ್ದರಂತೆ. ಆಮೇಲೆ ಅವರೇ ನನಗೆ ಹೇಳಿದರು. ಆ ಹೊತ್ತಿನಲ್ಲಿ ತಾನು ಅಡುಗೆಮನೆಯಲ್ಲಿದ್ದೇನೆ ಎಂಬುದೇ ಅವರಿಗೆ ಮರೆತಿತ್ತು. ಸಾಲು ಮುಗಿದ ಮೇಲೆ ನೆನಪಾಯಿತು. ಹುಟ್ಟು ಹಿಡಿದ ಕೈ ಹಾಗೇ ನಿಂತಿತು.

ಸೊಸೆಯರ ಬಾಯಿ ತೆರೆದೇ ಇತ್ತು. ಹಂದರದಲ್ಲಿ ಕೇಳಿದವರು ಎಲ್ಲರೂ ಅಡುಗೆಮನೆಯ ಕಿಟಕಿಯತ್ತ ನೋಡುತ್ತಿದ್ದರು. ಅಜ್ಜಿಯ ಮಗ ಎದ್ದು ಬಂದು ಬಾಗಿಲಲ್ಲಿ ನಿಂತರು. ಎತ್ತರದ ಮನುಷ್ಯ, ಊರಿಗೆ ಹಿರಿಯ. ಮುಖ ನೋಡಿದರೆ ಸಿಟ್ಟೋ ಏನೋ ತಿಳಿಯುತ್ತಿರಲಿಲ್ಲ. ಈ ಪ್ಲೇಟು ತಂದವಳು ನಾನು.

ಆಗ ಹೊರಸಿನ ಕಡೆಯಿಂದ, ರುಮಾಲು ಸರಿಸಿ ಎದ್ದು ಕುಳಿತ ಗಂಡಿನ ಅಜ್ಜನ ದನಿ ಬಂತು. ನಾಟಕದ ಥೇಟರಿನ ಹಿಂದಿನ ಸಾಲಿನಿಂದ ಕೂಗುವ ಹಾಗೆ ಕೂಗಿದರು.

"ಒನ್ಸ್ ಮೋರ್!"

ಮಗ ತಿರುಗಿ ಹೋದರು. ನಿಮ್ಮ ಅಜ್ಜನ ಹತ್ತಿರ ಹೋಗಿ, ಏನೂ ಕೇಳದೆ ಮೈಕನ್ನು ಕಂಬದಿಂದ ತೆಗೆದುಕೊಂಡರು. ವೈರು ಎಳೆಯುತ್ತ, ಕುಳಿತವರ ಕಾಲು ದಾಟಿಸುತ್ತ ಅಡುಗೆಮನೆಯ ಹೊಸ್ತಿಲವರೆಗೆ ತಂದರು.

"ಅವ್ವಾ, ಬೀಗರ ಅಜ್ಜಾರು ಕೇಳಾಕತ್ತಾರ."

"ಹುಗ್ಗಿ ತಳಾ ಹಿಡೀತೈತೋ."

"ಹಿಡದ್ರ ಹಿಡೀಲಿ."

ಅವರು ಮಗನ ಮುಖವನ್ನು ನೋಡಿದರು. ಆಮೇಲೆ ಹುಟ್ಟನ್ನು ನನ್ನ ಕೈಗೆ ಕೊಟ್ಟು, "ಕೈ ಬಿಡಬ್ಯಾಡ ತಂಗಿ, ಬಲಕ್ಕ ತಿರುವು," ಎಂದರು. ಸೆರಗು ಸರಿಮಾಡಿಕೊಂಡು ಹೊಸ್ತಿಲ ಹತ್ತಿರ ಹೋದರು.

ಆ ಹಾಡನ್ನು ನಾನು ಅವರಿಗೆ ಬೆನ್ನು ಮಾಡಿ ಕೇಳಿದೆ. ಒಂದು ಕೊರಳು ನನ್ನ ಹಿಂದಿನಿಂದ, ಅದೇ ಕೊರಳು ಗಿಡದ ಮೇಲಿನಿಂದ. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಹುಗ್ಗಿ ತಳ ಹಿಡಿಯಲಿಲ್ಲ.

ಮಗನಿಗೆ ಮೊದಲೇ ಗೊತ್ತಿತ್ತೋ ಏನೋ, ಅದನ್ನು ನಾವು ಯಾರೂ ಕೇಳಲಿಲ್ಲ. ಮದುವೆ ಮುಗಿದು ಹಾರ್ನು ಇಳಿಸುವಾಗ ಅಜ್ಜಿ ನಮ್ಮ ಹತ್ತಿರ ಬಂದರು. ಪ್ಲೇಟಿನ ಸೀಳು ನಡುವಿನವರೆಗೆ ಹೋಗಿತ್ತು.

"ಇನ್ನೂ ಹಾಡತೈತೇನು ಇದು?"

"ಇಲ್ರಿ ಆಯಿ," ಎಂದರು ನಿಮ್ಮ ಅಜ್ಜ, ತಾವೇ ಒಡೆದವರ ಹಾಗೆ.

"ಇರಲಿ ತಾ. ಮಸರಿನ ಗಡಿಗಿಗೆ ಬರತೈತಿ." ಅದನ್ನು ಇಸಿದುಕೊಂಡು ಒಳಗೆ ಹೋದವರು, ಹೊರಗೆ ಬರುವಾಗ ಒಂದು ಹಿತ್ತಾಳೆಯ ಮುಚ್ಚಳ ತಂದು ನನ್ನ ಕೈಗೆ ಇಟ್ಟರು. ನಾನು ಬೇಡವೆಂದೆ. "ಯಾಕ, ನಿನ್ನ ವ್ಯಾಪಾರ ಮರತೀಯೇನು?" ಎಂದರು. "ಮುಚ್ಚಳಕ್ಕ ಮುಚ್ಚಳ."

ನೀವು ರಜೆಗೆ ಬಂದಾಗ ಸಾರಿನ ಪಾತ್ರೆಯ ಮೇಲಿಂದ ತೆಗೆದು ತಾಳ ಬಡಿಯುತ್ತೀರಲ್ಲ, ನಾನು ಬಯ್ಯುವುದಿಲ್ಲವಲ್ಲ, ಆ ಮುಚ್ಚಳ ಅದೇ.